ಎರಡೂವರೆ ಲಕ್ಷದ ಲ್ಯಾಪ್‌ಟಾಪ್ ಮತ್ತು ಅರ್ಧ ಚಮಚ ನೀರು

ಸಿಇಟಿ ಸೀಟು ಹಂಚಿಕೆ ಮುಗಿಯುತ್ತಿದ್ದಂತೆ ಎಷ್ಟೋ ಮನೆಗಳಲ್ಲಿ ಒಂದೇ ಚರ್ಚೆ ಶುರುವಾಗುತ್ತದೆ. ಕಂಪ್ಯೂಟರ್ ಸೈನ್ಸ್ ಸೇರಿದ ಮಗನಿಗೆ ಎರಡೂವರೆ ಲಕ್ಷದ ಗೇಮಿಂಗ್ ಲ್ಯಾಪ್‌ಟಾಪೇ ಆಗಬೇಕು. ಎಪ್ಪತ್ತು ಸಾವಿರದ್ದು ಸಾಲದೇ ಎಂದು ಅಪ್ಪನ ಪ್ರಶ್ನೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗೆ ಹೋದರೆ ಎರಡರ ಗುಣಪಟ್ಟಿಯೂ ಕೈಗೆ ಬರುತ್ತದೆ: ಪ್ರೊಸೆಸರ್ ಯಾವುದು, ಗ್ರಾಫಿಕ್ಸ್ ಕಾರ್ಡ್ ಯಾವುದು, ರ‍್ಯಾಮ್ ಎಷ್ಟು. ಈ ಯಂತ್ರ ಎಷ್ಟು ಬಿಸಿಯನ್ನು ಎಷ್ಟು ಹೊತ್ತು ಹೊರಗೆ ತಳ್ಳಬಲ್ಲದು ಎಂಬ ಸಾಲು ಮಾತ್ರ ಆ ಪಟ್ಟಿಯಲ್ಲಿ ಸಿಗುವುದು ಅಪರೂಪ. ದುಬಾರಿ ಚಿಪ್ಪಿಗೆ ಸುರಿದ ದುಡ್ಡು ದಕ್ಕುತ್ತದೋ ಇಲ್ಲವೋ ಎಂಬುದು ನಿಂತಿರುವುದೇ ಆ ಸಾಲಿನ ಮೇಲೆ.

2018ರ ಜುಲೈಯಲ್ಲಿ ನಡೆದದ್ದನ್ನು ನೋಡಿ. ಆಪಲ್ ಕಂಪನಿ ಆರು ಕೋರ್‌ಗಳ ಇಂಟೆಲ್ ಐ9 ಇರುವ ಹೊಸ ಮ್ಯಾಕ್‌ಬುಕ್ ಪ್ರೊ ತಂದಿತ್ತು. ಕೆನಡಾದ ಯೂಟ್ಯೂಬರ್ ಡೇವ್ ಲೀ ಅದರಲ್ಲಿ ಒಂದು ವಿಡಿಯೊವನ್ನು ಅಂತಿಮ ರೂಪಕ್ಕೆ ತರಲು ಹೊರಟಾಗ ಸುಮಾರು 39 ನಿಮಿಷ ಹಿಡಿಯಿತು. ಹಿಂದಿನ ವರ್ಷದ, ನಾಲ್ಕೇ ಕೋರ್‌ಗಳ ಐ7 ಮಾದರಿ ಅದೇ ಕೆಲಸವನ್ನು ಸುಮಾರು 35 ನಿಮಿಷದಲ್ಲಿ ಮುಗಿಸಿತ್ತು! ಆತ ಹೊಸ ಯಂತ್ರವನ್ನು ಫ್ರೀಜರ್‌ನೊಳಗೆ ಇಟ್ಟು ಮತ್ತೆ ಓಡಿಸಿದ. ಈ ಸಲ 27 ನಿಮಿಷ. ಚಿಪ್ಪಿನಲ್ಲಿ ಕಸುವು ಇತ್ತು, ಬಿಸಿ ಅದರ ಕೈಕಟ್ಟಿತ್ತು. ಬಿಸಿ ನಿರ್ವಹಣೆಯ ಫರ್ಮ್‌ವೇರಿನಲ್ಲಿ ಲೋಪವಿತ್ತೆಂದು ಒಪ್ಪಿಕೊಂಡ ಆಪಲ್, ಒಂದು ವಾರದಲ್ಲೇ ತಿದ್ದುಪಡಿ ಕಳಿಸಿತು. ಫ್ರೀಜರ್ ಪ್ರಯೋಗವನ್ನು ಮನೆಯಲ್ಲಿ ಯಾರೂ ಮಾಡಬಾರದು. ಹೊರತೆಗೆದ ಕೂಡಲೇ ತೇವ ಒಳಗೆಲ್ಲ ಹನಿಗಟ್ಟಿ ಸರ್ಕ್ಯೂಟನ್ನೇ ಕೊಲ್ಲಬಹುದು.

ಚಿಪ್ಪು ತಿನ್ನುವ ವಿದ್ಯುತ್ತೆಲ್ಲ ಕೊನೆಗೆ ಬಿಸಿಯೇ ಆಗುತ್ತದೆ. ವೇಗ ಏರಿದಂತೆ ಖರ್ಚು ಏರುತ್ತದೆ, ಜೊತೆಗೆ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆಯೂ ಏರುತ್ತದೆ. ವೇಗ ಹೆಚ್ಚಬೇಕಾದರೆ ವೋಲ್ಟೇಜನ್ನೂ ಹೆಚ್ಚಿಸಲೇಬೇಕು. ಎರಡೂ ಸೇರಿ ಖರ್ಚು ಸ್ಥೂಲವಾಗಿ ವೇಗದ ಘನದಷ್ಟು ಜಿಗಿಯುತ್ತದೆ. ಅಂದರೆ ವಿದ್ಯುತ್ತನ್ನು ದುಪ್ಪಟ್ಟು ಸುರಿದರೂ ವೇಗ ಹೆಚ್ಚುವುದು ಸುಮಾರು ಕಾಲು ಪಾಲು. ಬೆಲೆಯ ಏಣಿಯಲ್ಲಿ ಮೇಲಕ್ಕೆ ಹೋದಂತೆ ಪ್ರತಿ ಮೆಟ್ಟಿಲಿಗೂ ಸಿಗುವ ಲಾಭ ಕುಗ್ಗಲು ಇದೂ ಒಂದು ಕಾರಣ. ಹಿಂದೆ ಈ ಕಾಟ ಇಷ್ಟಿರಲಿಲ್ಲ: ಚಿಪ್ಪಿನೊಳಗಿನ ಟ್ರಾನ್ಸಿಸ್ಟರ್ ಚಿಕ್ಕದಾದಷ್ಟೂ ವೋಲ್ಟೇಜ್ ಇಳಿಯುತ್ತದೆ, ಬಿಸಿಯ ದಟ್ಟಣೆ ಹೆಚ್ಚುವುದಿಲ್ಲ ಎಂದು ಐಬಿಎಂನ ರಾಬರ್ಟ್ ಡೆನ್ನಾರ್ಡ್ ಮತ್ತು ಸಂಗಡಿಗರು 1974ರಲ್ಲಿ ತೋರಿಸಿದ್ದರು. ಮೂರು ದಶಕ ನಡೆದ ಆ ಸುಗ್ಗಿ 2005ರ ಸುಮಾರಿಗೆ ಮುಗಿಯಿತು.

ಆ ಬಿಸಿಯನ್ನು ಹೊರಗೆ ಸಾಗಿಸುವ ಉಪಾಯವೇ ಲ್ಯಾಪ್‌ಟಾಪಿನೊಳಗಿನ ನಿಜವಾದ ಬೆರಗು. ತಳದ ಮುಚ್ಚಳ ಬಿಚ್ಚಿದರೆ ಚಿಪ್ಪಿನ ಮೇಲಿಂದ ಫ್ಯಾನಿನವರೆಗೆ ಹಾಯುವ ಚಪ್ಪಟೆ ತಾಮ್ರದ ಪಟ್ಟಿಗಳು ಕಾಣುತ್ತವೆ. ಬರೀ ತಾಮ್ರ ಎಂದುಕೊಂಡರೆ ತಪ್ಪು. ಅವು ಪೊಳ್ಳು ಕೊಳವೆಗಳು, ಹೀಟ್ ಪೈಪ್‌ಗಳು. ಒಳಗಿನ ಗಾಳಿಯನ್ನೆಲ್ಲ ಹೀರಿ ತೆಗೆದು, ಕೆಲವೇ ಹನಿ ನೀರು ಬಿಟ್ಟು, ಬಾಯಿ ಮುಚ್ಚಿರುತ್ತಾರೆ. ಗಾಳಿಯ ಒತ್ತಡವೇ ಇಲ್ಲದ ಮೇಲೆ ನೀರು ಕುದಿಯಲು ನೂರು ಡಿಗ್ರಿ ಬೇಕಿಲ್ಲ, ನಲವತ್ತಕ್ಕೇ ಆವಿಯಾಗಬಲ್ಲದು. ಚಿಪ್ಪಿನ ತುದಿಯಲ್ಲಿ ಎದ್ದ ಆವಿ ಫ್ಯಾನಿನ ತುದಿಗೆ ನುಗ್ಗಿ, ಇಡ್ಲಿ ಪಾತ್ರೆಯ ಮುಚ್ಚಳದಡಿ ಹನಿ ಕಟ್ಟುವ ಹಾಗೆ ಅಲ್ಲಿ ತಣಿದು ನೀರಾಗುತ್ತದೆ, ಹೊತ್ತು ತಂದ ಬಿಸಿಯನ್ನು ಇಳಿಸುತ್ತದೆ. ಮರಳಿ ಬರಲು ಪಂಪಿಲ್ಲ. ಕೊಳವೆಯ ಒಳಗೋಡೆಗೆ ಮೆತ್ತಿದ ತಾಮ್ರದ ಪುಡಿಯ ಸೂಕ್ಷ್ಮ ರಂಧ್ರಗಳು ದೀಪದ ಬತ್ತಿ ಎಣ್ಣೆ ಏರಿಸುವ ತತ್ವದಲ್ಲೇ ಆ ನೀರನ್ನು ಚಿಪ್ಪಿನತ್ತ ಎಳೆದುಕೊಳ್ಳುತ್ತವೆ. ಹೀಗಾಗಿ ಲ್ಯಾಪ್‌ಟಾಪನ್ನು ಓರೆಯಾಗಿ ಹಿಡಿದರೂ ಚಕ್ರ ನಿಲ್ಲುವುದಿಲ್ಲ.

ಲೆಕ್ಕ ಹಾಕಿದರೆ ಇನ್ನೂ ಖುಷಿ. ನಲವತ್ತು ಡಿಗ್ರಿಯಲ್ಲಿ ಒಂದು ಗ್ರಾಂ ನೀರು ಆವಿಯಾಗುವಾಗ ಸುಮಾರು 2,400 ಜೌಲ್ ಬಿಸಿಯನ್ನು ಹೀರುತ್ತದೆ. 100 ವ್ಯಾಟ್ ಬಿಸಿ ಸಾಗಿಸಲು ನಿಮಿಷಕ್ಕೆ ಎರಡೂವರೆ ಗ್ರಾಂ, ಅಂದರೆ ಅರ್ಧ ಚಮಚ ನೀರು ಓಡಾಡಿದರೆ ಸಾಕು. ಅಷ್ಟು ನೀರೂ ಕೊಳವೆಯಲ್ಲಿ ಒಮ್ಮೆಗೇ ಇರಬೇಕಿಲ್ಲ, ಇದ್ದ ಹನಿಗಳೇ ಮತ್ತೆ ಮತ್ತೆ ತಿರುಗುತ್ತವೆ. ಜನರಲ್ ಮೋಟಾರ್ಸ್‌ನ ರಿಚರ್ಡ್ ಗಾಗ್ಲರ್ 1944ರಲ್ಲೇ ಇಂಥ ಕೊಳವೆಗೆ ಪೇಟೆಂಟ್ ಪಡೆದಿದ್ದ, ಯಾರೂ ಗಮನಿಸಲಿಲ್ಲ. 1963ರಲ್ಲಿ ಲಾಸ್ ಅಲಾಮೋಸ್ ಪ್ರಯೋಗಾಲಯದ ಜಾರ್ಜ್ ಗ್ರೋವರ್ ತಾನೇ ಮತ್ತೆ ಕಂಡುಹಿಡಿದ. ಬಾಹ್ಯಾಕಾಶ ನೌಕೆಗಳಿಗೆ ಹೋದದ್ದು ಮುಂದೆ ಮೇಜಿನ ಮೇಲೂ ಬಂತು. ಅಗ್ಗದ ಲ್ಯಾಪ್‌ಟಾಪಿನಲ್ಲಿ ಇಂಥ ಕೊಳವೆ ಒಂದೋ ಎರಡೋ ಇದ್ದರೆ, ದುಬಾರಿಯದರಲ್ಲಿ ಹಲವು ಇರುತ್ತವೆ, ಇಲ್ಲವೇ ಅದೇ ತತ್ವದ ಅಗಲವಾದ ತಗಡು, ವೇಪರ್ ಚೇಂಬರ್ ಇರುತ್ತದೆ. ಹೆಚ್ಚು ದುಡ್ಡಿಗೆ ಹೆಚ್ಚು ಬೆಲೆ ಸಿಗುವ ಜಾಗ ಇದು.

ದುಡ್ಡು ಪೋಲಾಗುವ ಜಾಗ ಬೇರೆ ಇದೆ. ಒಂದೇ ಹೆಸರಿದ್ದರೆ ಒಂದೇ ಚಿಪ್ಪು ಎಂಬ ನಂಬಿಕೆ ಅದು. ಎನ್‌ವಿಡಿಯಾದ ಡೆಸ್ಕ್‌ಟಾಪ್ ಆರ್‌ಟಿಎಕ್ಸ್ 4090ರಲ್ಲಿ 16,384 ಕೋರ್, 24 ಜಿಬಿ ಮೆಮೊರಿ, 450 ವ್ಯಾಟ್. ಲ್ಯಾಪ್‌ಟಾಪಿನ 4090ರಲ್ಲಿ 9,728 ಕೋರ್, 16 ಜಿಬಿ, ಹೆಚ್ಚೆಂದರೆ 175 ವ್ಯಾಟ್. ಆ ಸಿಲಿಕಾನ್ ಡೆಸ್ಕ್‌ಟಾಪಿನ 4080ರದ್ದು. 2025ರಲ್ಲಿ ಬಂದ 5090ರಲ್ಲಂತೂ ಡೆಸ್ಕ್‌ಟಾಪಿಗೆ 21,760 ಕೋರ್, ಲ್ಯಾಪ್‌ಟಾಪಿಗೆ 10,496. ಸಣ್ಣ ಮಾದರಿಗಳಲ್ಲಿ ಗೋಜಲು ಇನ್ನೂ ಜಾಸ್ತಿ. ಲ್ಯಾಪ್‌ಟಾಪಿನ 4060 ಮತ್ತು 4070 ಎರಡನ್ನೂ 35ರಿಂದ 115 ವ್ಯಾಟಿನವರೆಗೆ ಎಷ್ಟಕ್ಕೆ ಬೇಕಾದರೂ ಹೊಂದಿಸಲು ತಯಾರಕರಿಗೆ ಅವಕಾಶವಿದೆ. ತೆಳು ಲ್ಯಾಪ್‌ಟಾಪಿನಲ್ಲಿ ಉಸಿರು ಕಟ್ಟಿದ 4070ನ್ನು, ದಪ್ಪ ಲ್ಯಾಪ್‌ಟಾಪಿನಲ್ಲಿ ಪೂರ್ತಿ ವ್ಯಾಟ್ ಪಡೆದ 4060 ಹಿಂದಿಕ್ಕಬಹುದು. ಪೆಟ್ಟಿಗೆಯ ಮೇಲೆ ಹೆಸರನ್ನು ದೊಡ್ಡದಾಗಿ ಅಚ್ಚು ಹಾಕಿ ವ್ಯಾಟನ್ನು ಮೂಲೆಗೆ ತಳ್ಳುವುದು ಗ್ರಾಹಕರಿಗೆ ಮಾಡುವ ಅನ್ಯಾಯ.

ಪ್ರೊಸೆಸರಿನದೂ ಇದೇ ಕಥೆ. ಇಂಟೆಲ್ ಐ9-13980ಎಚ್‌ಎಕ್ಸ್‌ನ ನಿತ್ಯದ ಲೆಕ್ಕ 55 ವ್ಯಾಟ್, ಉಬ್ಬರದಲ್ಲಿ 157. ಆ ಉಬ್ಬರ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ತೀರ್ಮಾನಿಸುವುದು ಆ ತಾಮ್ರದ ಕೊಳವೆಗಳೇ. ಬ್ಯಾಟರಿಯ ಮೇಲೆ ನಡೆಸಿದರೆ ಈ ಶಕ್ತಿಯ ಬಹುಪಾಲು ಮಾಯ. ವಿಮಾನದಲ್ಲಿ ವಿಶೇಷ ಅನುಮತಿಯಿಲ್ಲದೆ ಒಯ್ಯಬಹುದಾದ ಲಿಥಿಯಂ ಬ್ಯಾಟರಿಯ ಮಿತಿ 100 ವ್ಯಾಟ್-ಅವರ್. ಹಾಗಾಗಿಯೇ ದೊಡ್ಡ ಲ್ಯಾಪ್‌ಟಾಪುಗಳ ಬ್ಯಾಟರಿ 99ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಇನ್ನೂರು ವ್ಯಾಟ್ ಎಳೆದರೆ ಅದು ಅರ್ಧ ಗಂಟೆಯಲ್ಲಿ ಬರಿದು. ಅದಕ್ಕಾಗಿ ಯಂತ್ರ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ.

ಊರಿನ ಹವೆಗೂ ಇದರಲ್ಲಿ ಪಾತ್ರವಿದೆ. ಚಿಪ್ಪಿಗೆ ನೂರು ಡಿಗ್ರಿ ಮಿತಿ ಎಂದಿಟ್ಟುಕೊಳ್ಳಿ. 25 ಡಿಗ್ರಿಯ ಕೋಣೆಗೂ ಚಿಪ್ಪಿಗೂ 75 ಡಿಗ್ರಿ ಅಂತರ. ಮೇ ತಿಂಗಳ ರಾಯಚೂರಿನಲ್ಲಿ ಕೋಣೆಯೇ 40 ಡಿಗ್ರಿ ಆದರೆ ಅಂತರ 60ಕ್ಕೆ ಇಳಿಯುತ್ತದೆ. ಬಿಸಿ ಹರಿಯುವುದು ಈ ಅಂತರಕ್ಕೆ ತಕ್ಕಂತೆ, ಹಾಗಾಗಿ ಹೊರಹಾಕುವ ಸಾಮರ್ಥ್ಯದಲ್ಲಿ ಐದನೇ ಒಂದು ಪಾಲು ಖೋತಾ. ಬೆಂಗಳೂರು ತಂಪು, ನಿಜ. ಆದರೆ ಅದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಗಾಳಿ ಮಂಗಳೂರಿನದಕ್ಕಿಂತ ಸುಮಾರು ಶೇ. 8ರಷ್ಟು ತೆಳು. ಫ್ಯಾನು ಅಷ್ಟೇ ಸುತ್ತು ಸುತ್ತಿದರೂ ತಳ್ಳುವ ಗಾಳಿಯ ತೂಕ ಕಡಿಮೆ.

ಗಾಳಿಯ ದಾರಿಗೆ ನಾವೇ ಅಡ್ಡಿ ಮಾಡುವುದೂ ಉಂಟು. ಲ್ಯಾಪ್‌ಟಾಪಿಗೆ ಅಂಟಿಸಲು ‘ರೇಡಿಯೇಷನ್ ತಡೆಯುವ’ ಸ್ಟಿಕ್ಕರುಗಳೂ ಮಾರಾಟಕ್ಕಿವೆ. ಅವುಗಳಿಂದ ಯಾವ ಉಪಯೋಗವೂ ಇಲ್ಲ. ಗಾಳಿಕಿಂಡಿಯ ಮೇಲೆ ಅಂಟಿಸಿದರೆ ಅಪಾಯವೇ ಹೆಚ್ಚು. ಆಯುಧಪೂಜೆಯ ದಿನ ಯಂತ್ರಕ್ಕೆ ಹೂವಿಡುವುದು ಚಂದ. ಅರಿಶಿನ, ಕುಂಕುಮ, ವಿಭೂತಿಯನ್ನು ಮಾತ್ರ ಮುಚ್ಚಳದ ನಡುವೆ ಹಚ್ಚಬೇಕು, ಕಿಂಡಿಯ ಬಳಿ ಸುತರಾಂ ಕೂಡದು. ಆ ನುಣುಪು ಪುಡಿ ಫ್ಯಾನಿನ ಹಿಂದಿನ ಲೋಹದ ಎಸಳುಗಳ ನಡುವೆ ಕೂತರೆ, ಲಕ್ಷಗಟ್ಟಲೆ ಕೊಟ್ಟು ಕೊಂಡ ತಂಪು ವ್ಯವಸ್ಥೆಯೇ ಕಟ್ಟಿಕೊಳ್ಳುತ್ತದೆ.

ಹಾಗಾದರೆ ಎರಡೂವರೆ ಲಕ್ಷದ ಯಂತ್ರ ಯಾರಿಗೆ ಬೇಕು? ದಿನವೂ ಗಂಟೆಗಟ್ಟಲೆ ವಿಡಿಯೊ ಎಡಿಟ್ ಮಾಡುವವರಿಗೆ, ಕಟ್ಟಡಗಳ ಮೂರು ಆಯಾಮದ ಚಿತ್ರ ತೆಗೆಯುವವರಿಗೆ, ಕೆಲಸಕ್ಕಾಗಿ ಊರೂರು ಸುತ್ತುತ್ತ ಡೆಸ್ಕ್‌ಟಾಪ್ ಇಟ್ಟುಕೊಳ್ಳಲಾಗದವರಿಗೆ. ಪ್ರೋಗ್ರಾಂ ಬರೆಯುವುದು, ಪಾಠ ಓದುವುದು, ಪ್ರಾಜೆಕ್ಟ್ ವರದಿ ಸಿದ್ಧಪಡಿಸುವುದು ಕ್ಷಣ ಓಡಿ ಕ್ಷಣ ನಿಲ್ಲುವ ಕೆಲಸಗಳು; ಚಿಪ್ಪು ಬಿಸಿಯೇರುವಷ್ಟರಲ್ಲಿ ಅವು ಮುಗಿದಿರುತ್ತವೆ. ವಿದ್ಯಾರ್ಥಿಗೆ 16 ಜಿಬಿ ರ‍್ಯಾಮ್, ಕಣ್ಣಿಗೆ ಹಿತವಾದ ಪರದೆ, ಒಳ್ಳೆಯ ಕೀಬೋರ್ಡ್ ಇದ್ದರೆ ಧಾರಾಳವಾಯಿತು. 2020ರ ಕೊನೆಯಲ್ಲಿ ಆಪಲ್ ತನ್ನ ಎಂ1 ಚಿಪ್ಪನ್ನು ಫ್ಯಾನೇ ಇಲ್ಲದ ಮ್ಯಾಕ್‌ಬುಕ್ ಏರ್‌ಗೂ, ಫ್ಯಾನಿರುವ 13 ಇಂಚಿನ ಪ್ರೊಗೂ ಕೊಟ್ಟಿತು. ಆಗ ಭಾರತದಲ್ಲಿ ಏರ್‌ಗೆ 92,900 ರೂಪಾಯಿ, ಪ್ರೊಗೆ 1,22,900. ಅಗ್ಗದ ಏರ್‌ನಲ್ಲಿ ಗ್ರಾಫಿಕ್ಸ್ ಕೋರ್ ಒಂದು ಕಡಿಮೆ ಇತ್ತು, ಅಷ್ಟೇ. ಸಣ್ಣಪುಟ್ಟ ಕೆಲಸಗಳಲ್ಲಿ ಎರಡೂ ಹೆಚ್ಚುಕಡಿಮೆ ಸಮಸಮ. ಎಡೆಬಿಡದೆ ಕೆಲವು ನಿಮಿಷ ದುಡಿಸಿದ ಮೇಲಷ್ಟೇ ಏರ್ ನಿಧಾನವಾಗುತ್ತಿತ್ತು.

ಕೊಳ್ಳುವ ಮುನ್ನ ಪರೀಕ್ಷಿಸಲು ಸಿನೆಬೆಂಚ್ ಎಂಬ ಉಚಿತ ತಂತ್ರಾಂಶವಿದೆ. ಅದು ಪ್ರೊಸೆಸರಿನ ಎಲ್ಲ ಕೋರ್‌ಗಳನ್ನೂ ಹತ್ತು ನಿಮಿಷ ಬಿಡದೆ ದುಡಿಸುತ್ತದೆ. ಅಂಗಡಿಯಲ್ಲಿ ಒಪ್ಪಿದರೆ, ಚಾರ್ಜರ್ ಹಾಕಿಯೇ ಓಡಿಸಿ, ಮೊದಲ ನಿಮಿಷದ ವೇಗವನ್ನೂ ಹತ್ತನೇ ನಿಮಿಷದ ವೇಗವನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಗ್ರಾಫಿಕ್ಸ್ ಚಿಪ್ಪಿನ ವ್ಯಾಟ್ ಎಷ್ಟೆಂಬುದು ತಯಾರಕರ ಗುಣಪಟ್ಟಿಯಲ್ಲಿ ಟಿಜಿಪಿ ಎಂಬ ಹೆಸರಿನಡಿ ಸಣ್ಣ ಅಕ್ಷರಗಳಲ್ಲಿ ಇರುತ್ತದೆ. ಅದು ಕಾಣದಿದ್ದರೆ, ಬಿಲ್ ಬರೆಸುವ ಮೊದಲು ಕೇಳಿ ತಿಳಿಯಬೇಕು.