ಸೆಂತೊ ಸ್ನಾನಗೃಹಗಳ ಒಳಾಂಗಣ ವಿನ್ಯಾಸ

ಸೆಂತೊ ಎಂಬುದು ಜಪಾನಿನ ನಗರಗಳಲ್ಲಿ ಹಣ ತೆತ್ತು ಮೀಯುವ ಸಾರ್ವಜನಿಕ ಸ್ನಾನಗೃಹ. ಹೆಸರಿನ ಮೊದಲ ಭಾಗಕ್ಕೆ ನಾಣ್ಯವೆಂದೂ ಎರಡನೆಯದಕ್ಕೆ ಬಿಸಿನೀರೆಂದೂ ಅರ್ಥ. ನೆಲದಿಂದ ಉಕ್ಕುವ ಬಿಸಿನೀರಿನ ಒನ್ಸೆನ್‌ಗಿಂತ ಇದು ಭಿನ್ನ. ಇಲ್ಲಿ ಸಾಮಾನ್ಯವಾಗಿ ಕಾಯಿಸಿದ ನೀರನ್ನೇ ಬಳಸುತ್ತಾರೆ. ಬಹಳಷ್ಟು ಮನೆಗಳಲ್ಲಿ ಸ್ನಾನದ ಕೋಣೆಯೇ ಇರದಿದ್ದ ಕಾಲದಲ್ಲಿ ಸೆಂತೊ ಪ್ರತಿ ಬಡಾವಣೆಯ ನಿತ್ಯದ ಅಗತ್ಯವಾಗಿತ್ತು. 1960ರ ದಶಕದ ಕೊನೆಗೆ ದೇಶದಲ್ಲಿ ಸುಮಾರು 18,000 ಸೆಂತೊಗಳಿದ್ದವು; ಇಂದು 2,000ಕ್ಕೂ ಕಡಿಮೆ ಉಳಿದಿವೆ. ಆದುದರಿಂದ ಅವುಗಳ ಒಳಾಂಗಣದ ಪ್ರಶ್ನೆ ಬರಿಯ ಅಲಂಕಾರದ್ದಲ್ಲ, ಅಳಿವು ಉಳಿವಿನದು.

ಸಾಂಪ್ರದಾಯಿಕ ರೂಪ

1923ರ ಕಾಂತೊ ಮಹಾಭೂಕಂಪದ ಅನಂತರ ಟೋಕಿಯೊದಲ್ಲಿ ದೇವಾಲಯವನ್ನು ಹೋಲುವ ಮಾಡಿನ ಸೆಂತೊಗಳು ಹರಡಿದವು. ಬಾಗಿಲಿನ 'ನೊರೆನ್' ಪರದೆ ಸರಿಸಿ, ಪಾದರಕ್ಷೆಗಳನ್ನು ಕಪಾಟಿನಲ್ಲಿಟ್ಟು ಒಳಹೋದರೆ ಗಂಡಸರಿಗೂ ಹೆಂಗಸರಿಗೂ ಪ್ರತ್ಯೇಕ ಭಾಗಗಳು. ನಡುವಿನ 'ಬಂದಾಯ್' ಎಂಬ ಎತ್ತರದ ಪೀಠದಲ್ಲಿ ಕುಳಿತವರು ಎರಡೂ ಕಡೆಯಿಂದ ಹಣ ಪಡೆಯುತ್ತ, ಬಟ್ಟೆ ಕಳಚುವ ಕೋಣೆಗಳ ಮೇಲೂ ಕಣ್ಣಿಟ್ಟಿರುತ್ತಿದ್ದರು. ಕಳ್ಳತನ ತಡೆಯಲು ಅನುಕೂಲವಾಗಿದ್ದ ಈ ಏರ್ಪಾಡು ಈಚಿನವರಿಗೆ ಮುಜುಗರವೆನಿಸಿತು. ಈಗ ಬಹುತೇಕ ಕಡೆ ಪ್ರವೇಶದಲ್ಲಿಯೇ ಕೌಂಟರ್ ಇರುತ್ತದೆ.

ಸ್ನಾನದ ಹಜಾರದ ಮಾಡು ಬಹಳ ಎತ್ತರ. ಹಬೆ ಮೇಲೇರಿ ಅಲ್ಲಿನ ಕಿಟಕಿಗಳಿಂದ ಹೊರಹೋಗುತ್ತದೆ, ಹಗಲಿನ ಬೆಳಕೂ ಅಲ್ಲಿಂದಲೇ ಬರುತ್ತದೆ. ಎರಡು ಭಾಗಗಳ ನಡುವಣ ಗೋಡೆ ಮಾಡನ್ನು ಮುಟ್ಟುವುದಿಲ್ಲ. ಆ ಬದಿಯ ಮಾತು ಈ ಬದಿಗೆ ಕೇಳಿಸುವುದರಿಂದ, ಹೊರಡುವ ಹೊತ್ತಾಯಿತೆಂದು ಗಂಡ ಹೆಂಡತಿಯನ್ನು ಕೂಗಿ ಕರೆಯಬಹುದು.

ನಮ್ಮ ಓದುಗರು ಇಲ್ಲಿ ಒಂದನ್ನು ಗಮನಿಸಬೇಕು: ತೊಟ್ಟಿ ಇರುವುದು ಮೈ ತೊಳೆಯಲಿಕ್ಕಲ್ಲ. ಗಿಡ್ಡ ಪೀಠದ ಮೇಲೆ ಕುಳಿತು, ತಗ್ಗಿನಲ್ಲಿರುವ ನಲ್ಲಿಯ ಮುಂದೆ ಸೋಪು ಹಚ್ಚಿ ಪೂರ್ತಿ ತೊಳೆದುಕೊಂಡ ಮೇಲಷ್ಟೇ ಎಲ್ಲರೂ ಹಂಚಿಕೊಳ್ಳುವ ಬಿಸಿನೀರಿಗೆ ಇಳಿಯಬೇಕು. ಹೀಗಾಗಿ ನೆಲದ ಇಳಿಜಾರು, ನೀರು ಹರಿದುಹೋಗುವ ಕಾಲುವೆ, ಜಾರದ ಹೆಂಚು ಇವೇ ವಿನ್ಯಾಸದ ಜೀವಾಳ. ಟೋಕಿಯೊದಲ್ಲಿ ತೊಟ್ಟಿ ಸಾಮಾನ್ಯವಾಗಿ ಹಿಂಗೋಡೆಗೆ ಅಂಟಿಕೊಂಡಿರುತ್ತದೆ; ಒಸಾಕಾ ಕಡೆ ಹಜಾರದ ನಡುವೆ ಇರುವುದುಂಟು.

ಹಿಂಗೋಡೆಯ ಫ್ಯೂಜಿ ಪರ್ವತದ ಚಿತ್ರ ಟೋಕಿಯೊ ಸೆಂತೊಗಳ ಗುರುತು. 1912ರಲ್ಲಿ ಕಾಂದಾ ಭಾಗದ ಕಿಕಾಯ್‌ಯು ಎಂಬಲ್ಲಿ ಇದು ಮೊದಲಾಯಿತೆನ್ನುತ್ತಾರೆ. ಬರೆದ ಕಲಾವಿದ ಫ್ಯೂಜಿಯ ಸೀಮೆಯಾದ ಶಿಜುಒಕಾದವನು. ಮುಂದೆ ಜಾಹೀರಾತು ಸಂಸ್ಥೆಗಳು ಚಿತ್ರ ಬರೆಸಿಕೊಟ್ಟು, ಅದರ ಕೆಳಗೆ ಸುತ್ತಲಿನ ಅಂಗಡಿಗಳ ಜಾಹೀರಾತು ಹಾಕತೊಡಗಿದವು. ಹಬೆಯಿಂದ ಬಣ್ಣ ಕೆಡುವುದರಿಂದ ಹಳೆಯದರ ಮೇಲೆಯೇ ಹೊಸದನ್ನು, ಹೆಚ್ಚಾಗಿ ರಜೆಯ ಒಂದೇ ದಿನದಲ್ಲಿ, ಬರೆದು ಮುಗಿಸುತ್ತಾರೆ. ಈ ವೃತ್ತಿಯವರು ಈಗ ಬೆರಳೆಣಿಕೆಯಷ್ಟು. 1963ರಿಂದ ಬಂದ ಪ್ಲಾಸ್ಟಿಕ್ಕಿನ 'ಕೆರೊರಿನ್' ಬೋಗುಣಿಯೂ ನೋವಿನ ಮಾತ್ರೆಯೊಂದರ ಜಾಹೀರಾತೇ.

ಆಧುನಿಕ ನವೀಕರಣ

ಸ್ನಾನದ ಗರಿಷ್ಠ ದರವನ್ನು ಆಯಾ ಪ್ರಾಂತದ ಆಡಳಿತ ನಿಗದಿಪಡಿಸುತ್ತದೆ. ಒಳಾಂಗಣಕ್ಕೆ ಎಷ್ಟೇ ವೆಚ್ಚವಾದರೂ ಮಾಲೀಕರು ದರ ಏರಿಸುವಂತಿಲ್ಲ. ಬೇರೆ ಆದಾಯಕ್ಕೆ ಒಳಗೇ ಜಾಗ ಹುಡುಕಬೇಕು. ಟೋಕಿಯೊದ ಸುಮಿದಾ ವಾರ್ಡಿನ ಕೊಗಾನೆಯು ಇದಕ್ಕೆ ಒಳ್ಳೆಯ ನಿದರ್ಶನ. ವಾಸ್ತುಶಿಲ್ಪಿ ಜೊ ನಾಗಾಸಾಕಾ ಅವರ ವಿನ್ಯಾಸದಲ್ಲಿ ಅದು 2020ರಲ್ಲಿ ನವೀಕರಣಗೊಂಡಿತು. ಮಾಡಿನ ಕಾಂಕ್ರೀಟನ್ನು ಮುಚ್ಚದೆ ಬಿಡಲಾಗಿದೆ. ಹಣ ಪಡೆಯುವ ಬಂದಾಯ್‌ನಲ್ಲಿಯೇ ಬಿಯರ್ ಸಿಗುತ್ತದೆ, ಗ್ರಾಮಫೋನ್ ತಟ್ಟೆಗಳ ಸಂಗೀತ ಕೇಳಿಸುತ್ತದೆ. ಸೌನಾ ಕೂಡ ಇದೆ. ಆದರೂ ಗೋಡೆಯಿಂದ ಫ್ಯೂಜಿ ಪರ್ವತ ಮರೆಯಾಗಿಲ್ಲ: ಕಾಮಿಕ್ಸ್ ಕಲಾವಿದೆ ಯೊರಿಕೊ ಹೋಶಿ ರಚಿಸಿದ ಚಿತ್ರವನ್ನು ಸೆಂತೊ ಚಿತ್ರಗಾರ್ತಿ ಮಿಜುಕಿ ತಾನಾಕಾ ಗೋಡೆಗೆ ಇಳಿಸಿದ್ದಾರೆ.