ತೊಟ್ಟಿಲು ಕಟ್ಟುವ ಮುನ್ನ

ಭತ್ತದ ನಾಟಿಗೆ ಬಾಗಿದ ಸಿಂಧನೂರು ಸೀಮೆಯ ಗರ್ಭಿಣಿ ಜ್ವರವನ್ನೋ ದುರ್ವಾಸನೆಯ ಸ್ರಾವವನ್ನೋ ಸಂಕೋಚದಿಂದ ಬಚ್ಚಿಡುವುದುಂಟು. ಅದರ ಹಿಂದಿನ ಸೋಂಕು ಮೇಲೇರಿ ಗರ್ಭಚೀಲದ ಪೊರೆಗಳಲ್ಲಿ ಉರಿಯೂತವೆಬ್ಬಿಸಿದರೆ 37 ವಾರ ತುಂಬುವ ಮೊದಲೇ ಹೆರಿಗೆಯಾಗಬಹುದು. ಕೂಸಿನ ಎಳೆಯ ಶ್ವಾಸಕೋಶಕ್ಕೂ ಮಿದುಳಿಗೂ ಅದು ತಟ್ಟಬಹುದು. ಎಲ್ಲ ಕೂಸುಗಳಿಗೂ ಹಾಗಾಗದು. ಕೆಲವಕ್ಕೆ ಮಾತ್ರ ಉಸಿರಿನ ದೀರ್ಘ ಬೇನೆಯೋ ಕೈಕಾಲುಗಳ ಬಿಗಿತವೋ ಉಳಿದುಬಿಡುತ್ತದೆ.

ಇದನ್ನು ದೇವರ ಚಿತ್ತವೆಂದು ಸುಮ್ಮನಾಗುವ ನಾವು ನಮ್ಮ ಅಲಕ್ಷ್ಯವನ್ನು ದೇವರ ಮೇಲೆ ಹೊರಿಸುತ್ತೇವೆ. ಜ್ವರ ಬಂದರೆ, ಗರ್ಭದ ನೀರು ಜಿನುಗಿದರೆ, ಲಿಂಗಸುಗೂರು, ಮಸ್ಕಿಯ ಹಳ್ಳಿಗಳ ಅತ್ತೆಯಂದಿರು ಸೊಸೆಯನ್ನು ಅಂದೇ ಆಸ್ಪತ್ರೆಗೆ ಕರೆದೊಯ್ಯಲಿ. ಬೇಗ ಹುಟ್ಟಿದ ಕೂಸಿಗೆ ತಾಯಿಯ ಎದೆಯ ಬಿಸುಪೂ ಔಷಧವೇ. ನೆರೆಯ ಕೊಪ್ಪಳ ಜಿಲ್ಲೆಯಲ್ಲಿ ಸರ್ಕಾರದೊಡನೆ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಈ ಆರೈಕೆಯನ್ನು ಬಳಕೆಗೆ ತಂದಿತು. ತೊಟ್ಟಿಲು ಕಟ್ಟುವ ಮುನ್ನವೇ ಕೂಸನ್ನು ಕಾಯುವ ಹೊಣೆ ನಮ್ಮೆಲ್ಲರದು.