ಸಂವಹನದ ಪಾಠ ಯಾವ ಭಾಷೆಯಲ್ಲಿ?

ಪದವಿ ತರಗತಿಗಳಲ್ಲಿ ‘ಸಂವಹನ ಕೌಶಲ’ ಹೊಸ ವಿಷಯವೇನಲ್ಲ. ನಿವೃತ್ತಿಯ ಬಳಿಕ ಕೊಳ್ಳೇಗಾಲ, ಹನೂರು, ಯಳಂದೂರು ಭಾಗದ ವಿದ್ಯಾರ್ಥಿಗಳಿಗೆ ಅದನ್ನು ಬೋಧಿಸುವ ಅವಕಾಶ ನನಗೆ ಆಗಾಗ್ಗೆ ದೊರೆತಿದೆ. ಅಲ್ಲಿ ಸಂವಹನವೆಂದರೆ ಇಂಗ್ಲಿಷ್ ಎಂದೇ ಅರ್ಥ. ಮಾತಿನ ಸಾಮರ್ಥ್ಯವನ್ನು ಅಳೆಯುವುದೂ ಬಹುಮಟ್ಟಿಗೆ ಲಿಖಿತ ಪರೀಕ್ಷೆಯಿಂದಲೇ. ಈಜು ಬಲ್ಲನೇ ಎಂದು ತಿಳಿಯಲು ನದಿಯ ಮೇಲೆ ಪ್ರಬಂಧ ಬರೆಸಿದಂತೆ!

ಇದು ಮಾತು ಬಾರದವರ ಸೀಮೆಯಲ್ಲ. ಮಲೆ ಮಹದೇಶ್ವರನ ಕಥೆಯನ್ನು ಕಂಸಾಳೆಯವರು, ಮಂಟೇಸ್ವಾಮಿಯ ಕಥೆಯನ್ನು ನೀಲಗಾರರು ರಾತ್ರಿಯಿಡೀ ಹಾಡಿ ಜನರನ್ನು ಹಿಡಿದಿಟ್ಟ ನೆಲ. 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲದ ಸೀಮೆಯಲ್ಲಿ ಕನ್ನಡದೊಡನೆ ತಮಿಳನ್ನೂ ಬಲ್ಲ ಮನೆಗಳಿವೆ. ಎರಡು ಭಾಷೆಗಳಲ್ಲಿ ವ್ಯವಹರಿಸಬಲ್ಲ ಹುಡುಗ, ಮೂರನೆಯದರಲ್ಲಿ ‘ನಿನ್ನ ಪರಿಚಯ ಹೇಳು’ ಎಂದೊಡನೆ ಮೂಕನಾಗುತ್ತಾನೆ.

ಅಭ್ಯರ್ಥಿಯ ನಿಜ ಸಾಮರ್ಥ್ಯ ಕಾಣದ ಉದ್ಯೋಗದಾತ ಹೊರಗಿನ ಸಂಕೇತಗಳನ್ನು ನೆಚ್ಚುತ್ತಾನೆಂದು ಅರ್ಥಶಾಸ್ತ್ರಜ್ಞ ಮೈಕೆಲ್ ಸ್ಪೆನ್ಸ್ 1973ರಲ್ಲಿ ಪ್ರತಿಪಾದಿಸಿದರು. 2001ರ ನೊಬೆಲ್ ಗೌರವವನ್ನೂ ಹಂಚಿಕೊಂಡರು. ನಮ್ಮಲ್ಲಿ ಇಂಗ್ಲಿಷ್ ಅಂಥದೊಂದು ಸಂಕೇತ. ಅದು ಬೇಡವೆಂದು ಹಳ್ಳಿಯ ಮಕ್ಕಳಿಗೆ ಉಪದೇಶಿಸುವುದು, ಅದರಲ್ಲೂ ತಮ್ಮ ಮಕ್ಕಳನ್ನು ಕಾನ್ವೆಂಟಿಗೆ ಕಳುಹಿಸಿದವರು ಉಪದೇಶಿಸುವುದು, ಅನ್ಯಾಯ. ಆದರೆ ಸಂಕೇತವೇ ಸಾಮರ್ಥ್ಯವಲ್ಲ.

ಸೇವೆಯಲ್ಲಿದ್ದಾಗ ನಾನು ಓದಿದ ಅರ್ಜಿಗಳಿಗೆ ಲೆಕ್ಕವಿಲ್ಲ. ಮೂರು ಪುಟಗಳ ಸಂಕಟವಿರುತ್ತಿತ್ತು, ಜಮೀನಿನ ಸರ್ವೆ ನಂಬರ್ ಇರುತ್ತಿರಲಿಲ್ಲ. ಏನು ನಡೆಯಿತು, ಯಾವಾಗ, ಯಾರಿಂದ ಯಾವ ಪರಿಹಾರ ಬೇಕು ಎಂಬುದನ್ನು ಪದವೀಧರರೂ ಕನ್ನಡದಲ್ಲಿಯೇ ಸ್ಪಷ್ಟವಾಗಿ ಬರೆಯುತ್ತಿರಲಿಲ್ಲ. ಅಂಥ ಅರ್ಜಿ ಕಡತದಿಂದ ಕಡತಕ್ಕೆ ಅಲೆಯುತ್ತದೆ. ಅರ್ಜಿದಾರ ಬಸ್ಸಿಗೆ ದುಡ್ಡು ಸುರಿಯುತ್ತಾನೆ.

ಇದಕ್ಕೆ ಪ್ರತಿಯಾದ ಪಾಠ ಯಳಂದೂರಿನ ಬೆಟ್ಟದ ಮೇಲೆಯೇ ಇದೆ. ಬಿಳಿಗಿರಿರಂಗನಬೆಟ್ಟ 2011ರಲ್ಲಿ ಹುಲಿ ಮೀಸಲು ಪ್ರದೇಶವಾಯಿತು. ಅದೇ ವರ್ಷ, 2006ರ ಅರಣ್ಯ ಹಕ್ಕು ಕಾಯ್ದೆಯಡಿ, ಅಲ್ಲಿನ ಸೋಲಿಗರ 25 ಗ್ರಾಮಸಭೆಗಳ ಸಮುದಾಯ ಹಕ್ಕು ಮಾನ್ಯವಾಯಿತು. ಹಿರಿಯರ ನೆನಪಿನಲ್ಲಿದ್ದ ಪವಿತ್ರ ತಾಣಗಳು ನಕ್ಷೆಗೆ ಇಳಿದಿದ್ದವು. ಬಾಯಿಮಾತು ಸರ್ಕಾರ ಓದಬಲ್ಲ ದಾಖಲೆಯಾಗಿತ್ತು. ಸಂವಹನದ ಪಠ್ಯಕ್ಕೆ ಇದಕ್ಕಿಂತ ಒಳ್ಳೆಯ ಅಧ್ಯಾಯ ಬೇಕೆ?

ಮೊದಲ ಸೆಮಿಸ್ಟರ್ ಕನ್ನಡದಲ್ಲಿರಲಿ: ಒಂದು ದೂರು, ಮಾಹಿತಿ ಹಕ್ಕಿನಡಿ ಒಂದು ಅರ್ಜಿ, ಗ್ರಾಮಸಭೆಯಲ್ಲಿ ಐದು ನಿಮಿಷದ ಮಾತು. ಎರಡನೆಯದರಲ್ಲಿ ಅವನ್ನೇ ಇಂಗ್ಲಿಷಿನಲ್ಲಿ ಮಾಡಿಸೋಣ. ಅರ್ಧ ಅಂಕ ಮೌಖಿಕಕ್ಕಿರಲಿ. ಅರವತ್ತು ಮಂದಿಯ ಮಾತನ್ನು ಒಬ್ಬ ಅತಿಥಿ ಉಪನ್ಯಾಸಕರು ಕೇಳಲಾರರೆಂಬ ಆಕ್ಷೇಪ ನ್ಯಾಯವಾದುದೇ. ರಸಾಯನಶಾಸ್ತ್ರದ ಪ್ರಯೋಗಕ್ಕೆ ತರಗತಿಯನ್ನು ತಂಡಗಳಾಗಿ ವಿಂಗಡಿಸಿ, ಆ ಗಂಟೆಗಳನ್ನು ಬೋಧಕರ ಕಾರ್ಯಭಾರಕ್ಕೆ ಸೇರಿಸುತ್ತೇವೆ. ಸಂವಹನದ ತರಗತಿಗೂ ಅದೇ ನಿಯಮವನ್ನು ಅನ್ವಯಿಸಲು ವಿಶ್ವವಿದ್ಯಾಲಯದ ಒಂದು ಸುತ್ತೋಲೆ ಸಾಕು.